ಅರ್ಥ ಹೇಳುವವರು: ಗಡಿನಾಡಿನ ಹಾಡು, ಕುಣಿತ, ಆಚರಣೆ ಮತ್ತು ಕನ್ನಡ ತರಗತಿ



ತಾಳಮದ್ದಳೆಯ ಕೂಟದಲ್ಲಿ ಪಾತ್ರ ವಹಿಸಿ ಮಾತನಾಡುವವನಿಗೆ ನಟನೆಂಬ ಹೆಸರಿಲ್ಲ, ಅವನು ಅರ್ಥಧಾರಿ. ಅವನು ಆಡುವ ಮಾತಿಗೆ ಅರ್ಥವೆಂದೇ ಹೆಸರು. ‘ಇವತ್ತು ವಾಲಿಯ ಅರ್ಥ ಯಾರದು?’ ಎಂದು ಕುಂಬಳೆ ಸೀಮೆಯ ಅಜ್ಜನೊಬ್ಬ ಕೇಳಿದರೆ ಅದರಲ್ಲಿ ತತ್ತ್ವಶಾಸ್ತ್ರದ ಗಂಧವೇನೂ ಇರುವುದಿಲ್ಲ. ಕೂಟಕ್ಕೆ ಯಾರು ಬಂದಿದ್ದಾರೆಂದು ತಿಳಿಯುವ ಕುತೂಹಲವಷ್ಟೇ. ಆದರೂ ಹಾಡು, ಕುಣಿತ, ಆಚರಣೆಗಳ ಮೂಲಕ ಮನುಷ್ಯರು ಅರ್ಥವನ್ನು ಕಂಡುಕೊಳ್ಳುವ ಬಗೆ ಯಾವುದೆಂದು ಯೋಚಿಸುವವರಿಗೆ ಈ ಪದಬಳಕೆಯಷ್ಟು ದಾರಿ ತೋರುವ ಮಾತು ಮತ್ತೊಂದು ಸಿಕ್ಕುವುದು ಕಷ್ಟ.

ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ರಾಗ, ತಾಳಗಳ ಹೆಸರನ್ನು ತಲೆಯ ಮೇಲೆ ಹೊತ್ತ ಪದಗಳು, ನಡುನಡುವೆ ಭಾಮಿನಿ, ವಾರ್ಧಕ, ಕಂದಗಳು. ಭಾಗವತನು ಪದವನ್ನು ಎತ್ತಿಕೊಳ್ಳುತ್ತಾನೆ. ಚೆಂಡೆ ಮದ್ದಳೆಗಳು ಅವನನ್ನು ಅನುಸರಿಸುತ್ತವೆ. ಪದ ಮುಗಿದ ಮೇಲೆ ಅರ್ಥಧಾರಿ ಮಾತಿಗೆ ತೊಡಗುತ್ತಾನೆ. ಆ ಮಾತು ಎಲ್ಲಿಯೂ ಬರೆದಿಟ್ಟದ್ದಲ್ಲ. ಅದೇ ನಾಲ್ಕು ಸಾಲಿನ ಪದಕ್ಕೆ ಒಂದು ರಾತ್ರಿ ಹತ್ತು ನಿಮಿಷದ ಅರ್ಥ, ಇನ್ನೊಂದು ರಾತ್ರಿ ಮುಕ್ಕಾಲು ಗಂಟೆಯ ಅರ್ಥ. ಎದುರಿಗೆ ಕುಳಿತ ಅರ್ಥಧಾರಿ ಯಾರು, ಅವನು ಹಿಂದಿನ ಮಾತಿನಲ್ಲಿ ಯಾವ ಪ್ರಶ್ನೆಯನ್ನು ಎಸೆದಿದ್ದಾನೆ, ಸಭೆಯ ಕಿವಿ ಎಷ್ಟು ಹದವಾಗಿದೆ ಎಂಬುದರ ಮೇಲೆ ಅದು ಬೆಳೆಯುತ್ತದೆ, ಇಲ್ಲವೆ ಕುಗ್ಗುತ್ತದೆ. ಹಾಡಿನೊಳಗೆ ಅರ್ಥವು ಮೊದಲೇ ಕುಳಿತಿದೆ, ಅದನ್ನು ಹೊರತೆಗೆದು ತೋರಿಸುವುದಷ್ಟೇ ಉಳಿದಿದೆ ಎಂದು ಈ ಕಲೆ ತಿಳಿಯುವುದಿಲ್ಲ. ಹಾಡು ಮುಗಿದ ಮೇಲೆ, ಇಬ್ಬರು ಎದುರುಬದುರು ಕುಳಿತಾಗ, ಕೇಳುವವರ ಮುಂದೆ ಅದು ಹುಟ್ಟಬೇಕು.

ವಾಲಿಯ ಮಾತು ಬಂದುದರಿಂದ ಅದನ್ನೇ ಸ್ವಲ್ಪ ವಿವರವಾಗಿ ನೋಡಬಹುದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರಾಮಾಯಣ ಪ್ರಸಂಗಗಳು ಗಡಿಯ ಈಚೆಗೂ ಆಚೆಗೂ ಬಾಯಿಂದ ಬಾಯಿಗೆ ನಡೆದು ಬಂದಿವೆ. ಅವುಗಳ ಕರ್ತೃತ್ವದ ಬಗ್ಗೆ ಮುಳಿಯ ತಿಮ್ಮಪ್ಪಯ್ಯನವರಿಗೂ ಶಿವರಾಮ ಕಾರಂತರಿಗೂ ಇದ್ದ ಭಿನ್ನಾಭಿಪ್ರಾಯ ಕನ್ನಡ ವಿದ್ವತ್ತಿನ ಇತಿಹಾಸದಲ್ಲಿ ದೊಡ್ಡ ಅಧ್ಯಾಯ. ಇಲ್ಲಿ ಅದನ್ನು ಬಿಚ್ಚುವ ಅಗತ್ಯವಿಲ್ಲ. ವಾಲಿವಧೆಯಲ್ಲಿ ನಡೆಯುವುದೇನೆಂದು ಕೂಟಕ್ಕೆ ಬಂದ ಪ್ರತಿಯೊಬ್ಬರಿಗೂ ಗೊತ್ತು. ರಾಮನು ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆ, ವಾಲಿ ಬೀಳುತ್ತಾನೆ, ಬಿದ್ದವನು ಕೇಳುತ್ತಾನೆ: ನಿನಗೂ ನನಗೂ ಹಗೆಯಿರಲಿಲ್ಲ, ಎದುರಿಗೆ ಬಾರದೆ ಮರದ ಮರೆಯಿಂದ ಕೊಂದದ್ದು ಯಾವ ಕ್ಷತ್ರಿಯ ಧರ್ಮ? ತಮ್ಮನ ಹೆಂಡತಿಯನ್ನು ಇರಿಸಿಕೊಂಡವನಿಗೆ ಶಿಕ್ಷೆ ಕೊಡುವುದು ಅರಸನ ಧರ್ಮವೆಂದು ರಾಮನು ಉತ್ತರಿಸಬೇಕು. ಕೊನೆ ಬದಲಾಗುವಂತಿಲ್ಲ, ವಾಲಿ ಸಾಯಲೇಬೇಕು. ಹಾಗಿದ್ದರೂ ಜನ ನಿದ್ದೆಗೆಟ್ಟು ಕುಳಿತುಕೊಳ್ಳುವುದು ಆ ಪ್ರಶ್ನೆಯನ್ನು ಈ ರಾತ್ರಿಯ ವಾಲಿ ಹೇಗೆ ಕೇಳುತ್ತಾನೆ, ಈ ರಾತ್ರಿಯ ರಾಮ ಅದನ್ನು ಹೇಗೆ ತಾಳಿಕೊಳ್ಳುತ್ತಾನೆ ಎಂಬುದನ್ನು ಕೇಳುವುದಕ್ಕೆ. ರಾಮನನ್ನು ದೇವರೆಂದು ಪೂಜಿಸುವ ಸಭೆಯೇ ವಾಲಿಯ ಮಾತಿಗೆ ತಲೆದೂಗುತ್ತದೆ. ಭಕ್ತಿಗೂ ಪ್ರಶ್ನೆಗೂ ಒಂದೇ ಚಾಪೆಯಲ್ಲಿ ಜಾಗವಿದೆ ಎಂಬುದನ್ನು ಆ ಸಭೆಯಲ್ಲಿ ಅಜ್ಜನ ತೊಡೆಗೆ ಒರಗಿ ತೂಕಡಿಸುವ ಮಗು ಯಾರೂ ಹೇಳಿಕೊಡದೆ ಕಲಿಯುತ್ತದೆ.

ಇನ್ನೊಂದು ಸಂಗತಿ ಭಾಷಾ ಅಧ್ಯಾಪಕರಿಗೆ ನೇರವಾಗಿ ಸಂಬಂಧಿಸಿದ್ದು. ಕಾಸರಗೋಡಿನ ಮನೆಗಳಲ್ಲಿ ತುಳು ಇದೆ, ಮಲಯಾಳವಿದೆ, ಕೊಂಕಣಿಯಿದೆ, ಬ್ಯಾರಿ ಭಾಷೆಯಿದೆ, ಕರಾಡ ಮರಾಠಿಯಿದೆ, ಹವ್ಯಕ ಕನ್ನಡವಿದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುತ್ತದೆ. ಆದರೆ ಈ ಮಕ್ಕಳಲ್ಲಿ ಅನೇಕರಿಗೆ ಕನ್ನಡವು ತಾಯಿ ಆಡಿದ ಭಾಷೆಯಲ್ಲ. ಅದು ಅವರ ಮನೆತನ ಓದಿಗೂ ಲೆಕ್ಕಪತ್ರಕ್ಕೂ ಹರಿಕಥೆಗೂ ಆರಿಸಿಕೊಂಡು ಬಂದ ಭಾಷೆ. ಆಟದಲ್ಲಿಯೂ ಕೂಟದಲ್ಲಿಯೂ ಕೇಳಿಸುವುದು ಆ ಕನ್ನಡ, ಸಮಾಸಗಳಿಂದ ತುಂಬಿ, ಗ್ರಂಥದ ಗಾಂಭೀರ್ಯದಿಂದ ನಡೆಯುವ ಕನ್ನಡ. 1956ರ ನವೆಂಬರ್ 1ರಂದು ರಾಜ್ಯದ ಗಡಿ ಬದಲಾದ ಮೇಲೆ ಕಚೇರಿಯ ಭಾಷೆ ಬದಲಾಯಿತು, ಅಂಗಡಿಯ ಫಲಕಗಳು ಬದಲಾದುವು. ತಾಳಮದ್ದಳೆಯ ಚಾಪೆಯ ಮೇಲೆ ಕನ್ನಡ ಕುಳಿತಲ್ಲಿಯೇ ಕುಳಿತಿತು. ಕನ್ನಡವು ಪರೀಕ್ಷೆಯ ವಿಷಯವಾಗಿ ಮಾತ್ರ ಉಳಿದಿದ್ದರೆ ಅದು ಇಷ್ಟು ಕಾಲ ಬಾಳುತ್ತಿತ್ತೇ ಎಂಬುದು ಯೋಚಿಸಬೇಕಾದ ಮಾತು. ಎಡನೀರು ಮಠದ ಕೇಶವಾನಂದ ಭಾರತಿಯವರನ್ನು ದೇಶವೆಲ್ಲ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಲ್ಲುದು. ಕಾಸರಗೋಡಿನ ಜನ ಅವರನ್ನು ಭಾಗವತರಾಗಿಯೂ ಬಲ್ಲರು. ಸಂವಿಧಾನದ ಮೂಲರಚನೆಯ ಪಾಠ ಮಾಡುವ ಅಧ್ಯಾಪಕರು ಈ ಎರಡನೆಯ ಸಂಗತಿಯನ್ನೂ ಮಕ್ಕಳಿಗೆ ಹೇಳಿದರೆ ಪಾಠಕ್ಕೆ ಸ್ವಲ್ಪ ಬಣ್ಣ ಬಂದೀತು.

ಇದೇ ನೆಲದಲ್ಲಿ ಇದೇ ರಾಮಾಯಣವನ್ನು ಮಲಯಾಳದ ಕಥಕಳಿಯೂ ಆಡುತ್ತದೆ. ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಂ ಅದರ ಮೂಲರೂಪವೆಂದು ಹೇಳುತ್ತಾರೆ. ಪಾರ್ತಿಸುಬ್ಬನ ಪದಗಳಿಗೂ ಅದಕ್ಕೂ ಇರುವ ನಂಟನ್ನು ವಿದ್ವಾಂಸರು ಚರ್ಚಿಸಿದ್ದಾರೆ. ಅಲ್ಲಿಯೂ ಹಿಮ್ಮೇಳದವನು ಪದ ಹಾಡುತ್ತಾನೆ. ಆದರೆ ವೇಷಧಾರಿ ಮಾತನಾಡುವುದಿಲ್ಲ. 24 ಮೂಲ ಮುದ್ರೆಗಳು, ಕಣ್ಣು, ಹುಬ್ಬು, ಕೆನ್ನೆಯ ಸ್ನಾಯು, ಇವುಗಳಿಂದಲೇ ಅವನು ಪದವನ್ನು ಬಿಡಿಸುತ್ತಾನೆ. ಯಕ್ಷಗಾನದವನಿಗೆ ನಾಲಗೆಯಲ್ಲಿ ಇರುವ ಸ್ವಾತಂತ್ರ್ಯ ಕಥಕಳಿಯವನಿಗೆ ಬೆರಳಿನಲ್ಲಿದೆ. ನೆರೆಹೊರೆಯ ಎರಡು ಜನ ಒಂದೇ ಕಥೆಯನ್ನು ಇಟ್ಟುಕೊಂಡು, ಒಂದೇ ಬಗೆಯ ಚೆಂಡೆಯ ಸದ್ದನ್ನು ಕೇಳುತ್ತ, ಅರ್ಥವನ್ನು ಇಡುವ ಜಾಗವನ್ನು ಬೇರೆಬೇರೆ ಮಾಡಿಕೊಂಡರು. ಕಾಸರಗೋಡಿನ ಮಗು ಎರಡನ್ನೂ ನೋಡಬಲ್ಲದು. ಇದು ಗಡಿಯಲ್ಲಿ ಹುಟ್ಟಿದವರಿಗೆ ಸಿಕ್ಕಿದ ಸಂಪತ್ತು. ಬೆಂಗಳೂರಿನಲ್ಲಿ ಅಥವಾ ತಿರುವನಂತಪುರದಲ್ಲಿ ಬೆಳೆದ ಮಗುವಿಗೆ ಇದು ಸುಲಭಕ್ಕೆ ಸಿಕ್ಕದು.

ಮಾತಿನ ಅರ್ಥ, ಮುದ್ರೆಯ ಅರ್ಥ ಎರಡೂ ಕಥೆಯನ್ನು ಕುರಿತವು. ಅದೇ ಸೀಮೆಯ ತೆಯ್ಯಂ ಮತ್ತು ಭೂತಕೋಲಗಳಲ್ಲಿ ಕಥೆಯು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಮಲಯಾಳದ ತೋಟ್ಟಂ ಆಗಲಿ ತುಳುವಿನ ಪಾಡ್ದನವಾಗಲಿ ದೈವದ ಹುಟ್ಟು, ಅದಕ್ಕಾದ ಅನ್ಯಾಯ, ಅದು ನಡೆದು ಬಂದ ದಾರಿ, ಅದು ನೆಲೆಗೊಂಡ ಊರು, ಇವನ್ನು ಹೇಳುವ ಹಾಡು. ಮೊದಲಿಗೆ ಅದು ‘ಅವನು’, ‘ಅವಳು’ ಎಂದು ನಡೆಯುತ್ತದೆ. ತುಳುನಾಡಿನಲ್ಲಿ ಎಣ್ಣೆಬೂಳ್ಯ ಪಡೆದು, ಮುಖಕ್ಕೆ ಬಣ್ಣ ಬಳಿದು, ಕಾಲಿಗೆ ಗಗ್ಗರ ಕಟ್ಟಿದ ಮೇಲೆ, ಮಲಯಾಳದ ಕಡೆ ಮುಡಿಯನ್ನು ಏರಿಸಿ ಕನ್ನಡಿಯಲ್ಲಿ ಮುಖ ನೋಡಿಕೊಂಡ ಮೇಲೆ, ಮಾತು ‘ನಾನು’ ಎಂದಾಗುತ್ತದೆ. ವ್ಯಾಕರಣದ ಪುರುಷ ಬದಲಾಗುತ್ತದೆ. ಪ್ರಥಮ ಪುರುಷ, ಉತ್ತಮ ಪುರುಷಗಳ ಭೇದವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವ ಕನ್ನಡ ಅಧ್ಯಾಪಕರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ದೊರೆಯದು. ಹಾಗೆ ‘ನಾನು’ ಎಂದವನ ಎದುರು ಊರಿನ ಗುತ್ತಿನವರು ಕೈಮುಗಿದು ನಿಲ್ಲುತ್ತಾರೆ. ಕಳೆದ ವರ್ಷದ ಜಗಳ, ತುಂಡಾದ ಸಂಬಂಧ, ಹಂಚಿಕೆಯಾಗದ ಜಮೀನು ಎಲ್ಲಕ್ಕೂ ಅವನ ನುಡಿಯಲ್ಲಿ ಉತ್ತರವಿರಬೇಕು.

ದೈವವು ಜಾತಿಯ ಎಲ್ಲೆಯನ್ನೂ ಮತದ ಎಲ್ಲೆಯನ್ನೂ ದಾಟುತ್ತದೆಂದು ಹೇಳುವುದು ವಾಡಿಕೆ, ಮತ್ತು ಅದಕ್ಕೆ ಆಧಾರಗಳಿವೆ. ಪೊಟ್ಟನ್ ತೆಯ್ಯಂ ಶಂಕರಾಚಾರ್ಯರ ದಾರಿಗೆ ಅಡ್ಡ ನಿಂತು ನಿನ್ನ ಮೈಯ ರಕ್ತಕ್ಕೂ ನನ್ನ ಮೈಯ ರಕ್ತಕ್ಕೂ ಭೇದವೇನೆಂದು ಕೇಳಿದ ಕಥೆಯನ್ನು ಆಡುತ್ತದೆ. ಕೆಂಡದ ರಾಶಿಯ ಮೇಲೆ ಒರಗಿ ಆಡುತ್ತದೆ. ಕುಂಬಳೆಯ ಹತ್ತಿರ ಆರಿಕ್ಕಾಡಿಯಲ್ಲಿ ಆಲಿ ಎಂಬ ಮುಸಲ್ಮಾನ ದೈವಕ್ಕೆ ಕೋಲ ನಡೆಯುತ್ತದೆ. ಮಂಜೇಶ್ವರದ ಉದ್ಯಾವರ ಮಾಡದ ಅರಸು ಮಂಜಿಷ್ಣಾರ್ ದೈವಗಳ ಜಾತ್ರೆಗೆ ಮುನ್ನ ಒಂದು ಶುಕ್ರವಾರ ಪಾತ್ರಿಯೇ ಪರಿವಾರದೊಡನೆ ಉದ್ಯಾವರದ ಮಸೀದಿಗೆ ಹೋಗಿ ಜಮಾತಿನವರನ್ನು ಆಹ್ವಾನಿಸುವ ಸಂಪ್ರದಾಯವಿದೆ. ಯಕ್ಷಗಾನದ ರಂಗದಲ್ಲಿಯೂ ಬಪ್ಪನಾಡು ಕ್ಷೇತ್ರಮಹಾತ್ಮೆಯ ಬಪ್ಪ ಬ್ಯಾರಿಯನ್ನು ಶೇಣಿ ಗೋಪಾಲಕೃಷ್ಣ ಭಟ್ಟರು ಆಡಿದ ರೀತಿ ಇಂದಿಗೂ ಮಾತಿನಲ್ಲಿದೆ. ಈ ಯಾವುದೂ ಭಾಷಣದ ಸೌಹಾರ್ದವಲ್ಲ. ಮಸೀದಿಗೆ ಹೋಗಿ ಕರೆಯದಿದ್ದರೆ ಜಾತ್ರೆ ಪೂರ್ತಿಯಾಗದು, ಅಷ್ಟು ಸರಳ.

ಆದರೆ ಇನ್ನೊಂದು ಬದಿಯನ್ನು ಮುಚ್ಚಿಡುವುದು ಅಧ್ಯಾಪಕರಿಗೆ ತರವಲ್ಲ. ತೆಯ್ಯಂ ಕಟ್ಟುವವರು ವಣ್ಣಾನ್, ಮಲಯನ್, ವೇಲನ್ ಮೊದಲಾದ ಸಮುದಾಯದವರು. ಭೂತ ಕಟ್ಟುವವರು ಪಂಬದರು, ಪರವರು, ನಲಿಕೆಯವರು. ರಾತ್ರಿ ಅವರ ಕಾಲಿಗೆ ಬಿದ್ದ ಊರು ಬೆಳಗಾದ ಮೇಲೆ ಅವರನ್ನು ಜಗಲಿಯಿಂದ ಕೆಳಗೆ ನಿಲ್ಲಿಸಿದ ಚರಿತ್ರೆ ಬಹಳ ಹಳೆಯದಲ್ಲ. ಆ ಮನೆಯ ಮಗು ಇಂದು ತರಗತಿಯ ಬೆಂಚಿನಲ್ಲಿದೆ. ‘ನಿನ್ನ ಅಪ್ಪ ಭೂತ ಕಟ್ಟುತ್ತಾನಲ್ಲ, ನೀನೂ ಸ್ವಲ್ಪ ಕುಣಿದು ತೋರಿಸು’ ಎಂದು ವಾರ್ಷಿಕೋತ್ಸವದ ತಯಾರಿಯಲ್ಲಿ ಒಬ್ಬ ಅಧ್ಯಾಪಕ ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು. ಆ ಒಂದು ಮಾತು ಮೂರು ಕಡೆ ಗಾಯ ಮಾಡುತ್ತದೆ. ಮಗುವಿನ ಜಾತಿಯನ್ನು ತರಗತಿಗೆ ಸಾರಿ ಹೇಳುತ್ತದೆ. ಎಣ್ಣೆಬೂಳ್ಯವಿಲ್ಲದೆ, ಹೊತ್ತು ಗಳಿಗೆಯಿಲ್ಲದೆ ಕಟ್ಟಬಾರದ್ದನ್ನು ಪ್ಲಾಸ್ಟಿಕ್ ಕಿರೀಟದೊಡನೆ ಕಟ್ಟಿಸುತ್ತದೆ. ನಿಮ್ಮ ಮನೆಯಲ್ಲಿ ನಡೆಯುವುದು ವೇಷ ಮಾತ್ರವೆಂದು ಮಗುವಿಗೆ ಮೆಲ್ಲಗೆ ತಿಳಿಸುತ್ತದೆ. ತೆಯ್ಯವನ್ನು ಮೆರವಣಿಗೆಗೂ ಪ್ರದರ್ಶನದ ವೇದಿಕೆಗೂ ತರುವುದನ್ನು ಆ ಸಮುದಾಯಗಳ ಹಿರಿಯರೇ ವಿರೋಧಿಸಿದ್ದಾರೆ. ಅವರ ವಿರೋಧ ಸಂಕುಚಿತವಾದುದೆಂದು ತಳ್ಳಿಹಾಕುವವರು ಅದರ ಕಾರಣವನ್ನು ಕೇಳಿಲ್ಲ ಎನ್ನಬೇಕಾಗುತ್ತದೆ.

ಕಾರಣವಿಷ್ಟೇ: ಹೊತ್ತು, ಜಾಗ, ಅಧಿಕಾರ, ಇವು ಆಚರಣೆಗೆ ಹೊರಗಿನ ಅಲಂಕಾರಗಳಲ್ಲ. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವವರು ನೀಲಗಿರಿಯವರು. ಅಲ್ಲಿಯ ಕೋತರು ಏಳು ಊರುಗಳಲ್ಲಿ ನೆಲೆಸಿರುವ ಸಣ್ಣ ಸಮುದಾಯ. ಕಮ್ಮಾರಿಕೆ, ಮಡಕೆ, ಮರಗೆಲಸಗಳ ಜೊತೆಗೆ ವಾದ್ಯದಲ್ಲಿಯೂ ಹೆಸರಾದವರು. ಕೊಳ್ ಎಂಬ ಊದುವ ವಾದ್ಯ, ಕೊಂಬು, ಬಗೆಬಗೆಯ ಡೋಲುಗಳು ಅವರವು. ಅವರ ಕೊಳಲ ರಾಗಗಳಿಗೆ ಮಾತಿಲ್ಲ. ಆದರೆ ದೇವರ ಕಾರ್ಯಕ್ಕೆ ಬೇರೆ ಮಟ್ಟುಗಳು, ಸಾವಿಗೆ ಬೇರೆ ಮಟ್ಟುಗಳು. ಒಂದನ್ನು ಇನ್ನೊಂದರ ಜಾಗದಲ್ಲಿ ನುಡಿಸುವಂತಿಲ್ಲ. ಸತ್ತವರಿಗೆ ಎರಡು ಸಲ ಕರ್ಮ ನಡೆಯುತ್ತದೆ: ಸತ್ತ ಕೂಡಲೆ ಮಾಡುವುದು ಹಸಿ, ಕಾಲ ಕಳೆದು ಎಲ್ಲರಿಗೂ ಸೇರಿಸಿ ಮಾಡುವುದು ಒಣ. ಹಸಿಯದನ್ನು ಹೇಳುವ ಅವರ ಪದದಲ್ಲಿ ಕನ್ನಡದ ‘ಪಚ್ಚೆ’ಯ ದನಿಯಿದೆ. ಕರ್ಮದ ಒಂದೊಂದು ಘಟ್ಟಕ್ಕೆ ಒಂದೊಂದು ಮಟ್ಟು. ಹೀಗೆ ಮಾತಿಲ್ಲದ ಸ್ವರವು ಕೇಳುವವನಿಗೆ ಈಗ ಏನು ನಡೆಯುತ್ತಿದೆ, ಎಲ್ಲಿ ನಿಲ್ಲಬೇಕು, ಅಳಬಹುದೇ, ಕುಣಿಯಬಹುದೇ ಎಂದು ತಿಳಿಸುತ್ತದೆ. ರಿಚರ್ಡ್ ವುಲ್ಫ್ ಎಂಬ ಸಂಗೀತ ವಿದ್ವಾಂಸರು ಕೋತರ ನಡುವೆ ಬಹುಕಾಲವಿದ್ದು 2005ರಲ್ಲಿ ಪ್ರಕಟಿಸಿದ ಗ್ರಂಥವು ಸಂಗೀತವು ಹೊತ್ತಿಗೂ ನೆಲಕ್ಕೂ ಹೇಗೆ ಗಂಟು ಹಾಕಿಕೊಂಡಿದೆ ಎಂಬುದನ್ನೇ ಮುಖ್ಯವಾಗಿ ವಿವರಿಸುತ್ತದೆ. ಅದೇ ಮಟ್ಟನ್ನು ಧ್ವನಿಮುದ್ರಿಸಿ ಊಟದ ಹೊತ್ತಿಗೆ ಹಾಕಿದರೆ ಸ್ವರಗಳೆಲ್ಲ ಇರುತ್ತವೆ, ಅರ್ಥ ಇರುವುದಿಲ್ಲ.

ಈ ಕೋತರ ವಾದ್ಯವು ಹಿಂದೆ ಬಡಗರ ಸಾವಿಗೂ ಹಬ್ಬಕ್ಕೂ ಬೇಕಾಗಿತ್ತು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಆ ಕೊಡುಕೊಳ್ಳುವಿಕೆ ಸಡಿಲಿತು. ಬಡಗರು ಹೆಸರೇ ಹೇಳುವಂತೆ ಬಡಗಣದಿಂದ, ಕನ್ನಡ ನೆಲದಿಂದ ಬೆಟ್ಟ ಹತ್ತಿದವರು. ಅವರ ಸಾವಿನ ವಿಧಿಯಲ್ಲಿ ಒಬ್ಬ ಹಿರಿಯನು ಸತ್ತವರ ಮತ್ತು ಅವರ ಹಿರೀಕರ ಪಾಪಗಳನ್ನು ಎಣಿಸಿ ಹೇಳುವ ಪದ್ಧತಿಯೊಂದಿದೆ. ನೆರೆದವರು ಪ್ರತಿಯೊಂದಕ್ಕೂ ದನಿಗೂಡಿಸುತ್ತಾರೆ. ಪಾಪವು ಒಂದು ಕರುವಿಗೆ ಸೇರಿತೆಂಬ ಭಾವನೆ. 1871ರಲ್ಲಿ ಚಾರ್ಲ್ಸ್ ಗೋವರ್ ಪ್ರಕಟಿಸಿದ ದಕ್ಷಿಣ ಭಾರತದ ಜನಪದ ಹಾಡುಗಳ ಸಂಕಲನದಲ್ಲಿ ಇದರ ಇಂಗ್ಲಿಷ್ ರೂಪವಿದೆ. ಗಡಿಕಲ್ಲು ಸರಿಸಿದ್ದು, ಹಾವನ್ನು ಕೊಂದದ್ದು, ನೆರೆಯವನ ಒಳ್ಳೆಯ ಎಮ್ಮೆಯನ್ನು ಕಂಡು ಹೊಟ್ಟೆಕಿಚ್ಚು ಪಟ್ಟದ್ದು. ಸತ್ತವನು ಇವನ್ನೆಲ್ಲ ಮಾಡಿದ್ದನೇ ಎಂದು ಯಾರೂ ವಿಚಾರಿಸುವುದಿಲ್ಲ. ಪಟ್ಟಿ ಎಲ್ಲರಿಗೂ ಒಂದೇ. ಅದನ್ನು ಬದುಕಿರುವವರು ಕೇಳುತ್ತಾರೆ, ಹೂಂಗುಟ್ಟುತ್ತಾರೆ, ಮನೆಗೆ ಹೋಗುವಾಗ ಪಕ್ಕದ ಹೊಲದ ಗಡಿಕಲ್ಲನ್ನು ದಾಟಿಯೇ ಹೋಗಬೇಕಾಗುತ್ತದೆ.

ಒಬ್ಬರ ಶೋಕವನ್ನು ಎಲ್ಲರೂ ದನಿಗೂಡಿಸಿ ಹೊರುವ ಈ ಬಗೆ ಬೆಟ್ಟದ ಜನರದು ಮಾತ್ರವಲ್ಲ. ರಾಯದುರ್ಗವಿರುವ ಅನಂತಪುರ ಜಿಲ್ಲೆಯಲ್ಲಿಯೇ ಗೂಗೂಡು ಎಂಬ ಊರಿದೆ. ಅಲ್ಲಿಯ ಕುಳ್ಳಾಯಿಸ್ವಾಮಿಯ ಮೊಹರಂಗೆ ಹಿಂದೂ ಮುಸಲ್ಮಾನರೆಲ್ಲರೂ ಸೇರಿ ಕೆಂಡ ಹಾಯುತ್ತಾರೆ. ಅಫ್ಸರ್ ಮಹಮ್ಮದ್ ಎಂಬ ವಿದ್ವಾಂಸರು ಅದರ ಬಗ್ಗೆ ಒಂದು ಗ್ರಂಥವನ್ನೇ ಬರೆದಿದ್ದಾರೆ. ವಿಜಯಪುರ, ಕಲಬುರಗಿ, ರಾಯಚೂರುಗಳ ಕಡೆ ಕರ್ಬಲಾದಲ್ಲಿ 680ರಲ್ಲಿ ನಡೆದ ಹುಸೇನರ ಮರಣವನ್ನು ಅಚ್ಚ ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳಿವೆ. ಹಾಡುವವರಲ್ಲಿ ಅನೇಕರು ಹಿಂದೂಗಳು. ಹೆಜ್ಜೆಯ ಮೇಳ ಕಟ್ಟಿ, ಅಲಾಯಿ ಕುಣಿಯ ಸುತ್ತ ಕುಣಿಯುತ್ತ, ಅರಬ್ಬೀ ನೆಲದ ಒಂದು ಮನೆತನದ ದುಃಖವನ್ನು ತಮ್ಮೂರಿನ ಮನೆಯ ದುಃಖವೆಂಬಂತೆ ಹಾಡುತ್ತಾರೆ. ಹಾಡುಹಾಡುತ್ತ ಪಾಂಡವರ ಕಥೆಗೂ ಹೊರಳುತ್ತಾರೆ. ಶಾಸ್ತ್ರ ಬಲ್ಲವರು ಎರಡು ಕಡೆಯಿಂದಲೂ ಇದನ್ನು ಕಂಡು ಹುಬ್ಬು ಗಂಟಿಕ್ಕಿದ್ದುಂಟು. ದೂರದ ಶೋಕವು ಕನ್ನಡಕ್ಕೆ ಬಂದದ್ದು ಅನುವಾದಕರಿಂದಲ್ಲ, ಹೆಜ್ಜೆ ಹಾಕಿದವರ ಮೂಲಕ ಎಂಬುದು ಭಾಷಾ ಅಧ್ಯಾಪಕರು ಗಮನಿಸಬೇಕಾದ ಅಂಶ.

ಹೀಗೆ ಒಂದು ಭಾಷೆ ಆಚರಣೆಯ ಜೊತೆ ಬೇರೆಯವರ ಮನೆಗೆ ಹೋಗುವುದುಂಟು. ಆಚರಣೆಯೊಳಗೆ ಉಳಿದುಕೊಳ್ಳುವುದೂ ಉಂಟು. ಎರಡನೆಯದಕ್ಕೆ ಸೊಲ್ಲಾಪುರಕ್ಕಿಂತ ಒಳ್ಳೆಯ ನಿದರ್ಶನ ಬೇಡ. 12ನೆಯ ಶತಮಾನದ ಶಿವಯೋಗಿ, ವಚನಕಾರ ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ರಾಘವಾಂಕನು ಅವನ ಚಾರಿತ್ರವನ್ನು ಕನ್ನಡದಲ್ಲಿ ಬರೆದ. ಪ್ರತಿವರ್ಷ ಮಕರ ಸಂಕ್ರಾಂತಿಯ ಸಮಯದಲ್ಲಿ ಅಲ್ಲಿ ನಡೆಯುವ ಜಾತ್ರೆಯಲ್ಲಿ ಏಳು ಎತ್ತರದ ನಂದಿಧ್ವಜಗಳು ಹೊರಡುತ್ತವೆ. ಸಿದ್ಧರಾಮನು ಸ್ಥಾಪಿಸಿದನೆಂಬ 68 ಲಿಂಗಗಳಿಗೆ ಅವು ಪ್ರದಕ್ಷಿಣೆ ಬರುತ್ತವೆ. ಕುಂಬಾರರ ಕನ್ಯೆಯೊಬ್ಬಳು ಅವನನ್ನೇ ವರಿಸುತ್ತೇನೆಂದಳು. ಯೋಗಿಯಾದ ಅವನು ತನ್ನ ಯೋಗದಂಡವನ್ನು ವರಿಸು ಎಂದ. ಆ ಮದುವೆ ಪ್ರತಿವರ್ಷ ಮತ್ತೆ ನಡೆಯುತ್ತದೆ, ಲಕ್ಷಾಂತರ ಜನ ಅಕ್ಷತೆ ಹಾಕುತ್ತಾರೆ. ಮಾರನೆಯ ದಿನದ ಹೋಮ ಆ ಕನ್ಯೆಯ ಅಗ್ನಿಪ್ರವೇಶವನ್ನು ನೆನೆಸುತ್ತದೆ. ಬೀದಿಯ ಘೋಷ, ಧ್ವನಿವರ್ಧಕ, ಪತ್ರಿಕೆಯ ವರದಿ ಎಲ್ಲವೂ ಇಂದು ಮರಾಠಿಯಲ್ಲಿ. ಆದರೆ ಆ ಮರಾಠಿ ವರದಿಯಲ್ಲಿಯೇ ಲಿಂಗಗಳ ಅಭ್ಯಂಜನಕ್ಕೆ ಎಣ್ಣೆಮಜ್ಜನವೆಂದು ಹೆಸರು. ಅಕ್ಷತೆ ಬೀಳುವ ಜಾಗ ಸಮ್ಮತಿ ಕಟ್ಟೆ. ಜಾತ್ರೆಯ ಮುಖ್ಯ ಮಾನ ಇರುವ ಮನೆತನ ಹಿರೇಹಬ್ಬು. ಕನ್ನಡದ ಒಂದು ವಾಕ್ಯವನ್ನೂ ಆಡದ ಯುವಕನೊಬ್ಬ ಬಿಳಿಯ ಬಾರಾಬಂದಿ ತೊಟ್ಟು, ನಂದಿಧ್ವಜದ ಭಾರವನ್ನು ಸೊಂಟದ ಮೇಲೆ ಹೊತ್ತು, ಎಣ್ಣೆಮಜ್ಜನಕ್ಕೆ ಹೊರಟೆನೆಂದು ಹೇಳುತ್ತಾನೆ. ಆ ಪದದಲ್ಲಿ ಎಣ್ಣೆಯೂ ಇದೆ, ಮಜ್ಜನವೂ ಇದೆ ಎಂದು ಅವನಿಗೆ ಬಿಡಿಸಿ ಹೇಳಿದವರು ಯಾರು? ಸೊಲ್ಲಾಪುರದ ಕನ್ನಡ ಶಾಲೆಯ ಅಧ್ಯಾಪಕ ಅದನ್ನು ಹೇಳಿದರೆ ಯಾವ ಭಾಷೆಯ ಅಭಿಮಾನಕ್ಕೂ ಧಕ್ಕೆಯಿಲ್ಲ; ಜಾತ್ರೆ ಎರಡೂ ಭಾಷೆಯವರದು.

ಈಗ ತರಗತಿಗೆ ಬರಬಹುದು. ಪಠ್ಯದಲ್ಲಿ ಜನಪದ ಕಲೆಯ ಪಾಠವೊಂದು ಬಂದೊಡನೆ ಅಭ್ಯಾಸದಲ್ಲಿ ಬರುವ ಪ್ರಶ್ನೆ: ‘ಈ ಆಚರಣೆಯ ಅರ್ಥವೇನು?’ ಮಗು ಗೈಡಿನ ಎರಡು ಸಾಲು ಬರೆಯುತ್ತದೆ: ಕೆಡುಕಿನ ಮೇಲೆ ಒಳಿತಿನ ವಿಜಯ, ಅಥವಾ ಪ್ರಕೃತಿಯ ಆರಾಧನೆ. ಎಲ್ಲ ಹಬ್ಬಕ್ಕೂ ಈ ಎರಡು ಸಾಲು ಹೊಂದುತ್ತವೆ. ಆದುದರಿಂದಲೇ ಯಾವುದನ್ನೂ ಹೇಳುವುದಿಲ್ಲ. ಮಗುವಿಗೆ ಉತ್ತರಿಸಲು ಸಾಧ್ಯವಾದ ಪ್ರಶ್ನೆಗಳು ಬೇರೆ ಇವೆ. ನಿಮ್ಮ ಮನೆಯಲ್ಲಿ ಅದನ್ನು ಯಾರು ಮಾಡುತ್ತಾರೆ, ಯಾರು ಮಾಡಬಾರದು? ಯಾವ ಹೊತ್ತಿಗೆ? ಮೊದಲು ಏನು, ಆಮೇಲೆ ಏನು? ವಾದ್ಯ ಯಾವಾಗ ನಿಲ್ಲುತ್ತದೆ? ಅಜ್ಜಿ ಆಗ ಯಾವ ಮಾತು ಹೇಳುತ್ತಾಳೆ? ಇವಕ್ಕೆ ಮಗು ಮನೆಗೆ ಹೋಗಿ ಹಿರಿಯರನ್ನು ಕೇಳಲೇಬೇಕು. ತಂದ ಉತ್ತರವನ್ನು ಕನ್ನಡದಲ್ಲಿ ಬರೆಯುವಾಗ ಗಗ್ಗರ, ಬೂಳ್ಯ, ಅಲಾಯಿ, ಎಣ್ಣೆಮಜ್ಜನ ಎಂಬ ಮಾತುಗಳನ್ನು ಅಧ್ಯಾಪಕರು ಕೆಂಪು ಶಾಯಿಯಿಂದ ಹೊಡೆದು ‘ಶಿಷ್ಟ ಪದ’ ಬರೆಯಬಾರದು. ತುಳುವಿನದೋ ಮಲಯಾಳದ್ದೋ ಮರಾಠಿಯದೋ ಆದ ಆ ಪದ ಇದ್ದಂತೆಯೇ ಇರಲಿ. ಅದರ ಸುತ್ತಲಿನ ವಾಕ್ಯ ಸರಿಯಾದ ಕನ್ನಡದಲ್ಲಿರಲಿ. ಹೇಳಬಾರದೆಂದು ಮನೆಯವರು ತಡೆದದ್ದನ್ನು ಮಗು ಬರೆಯದಿದ್ದರೆ ಅಂಕ ಕಳೆಯುವಂತಿಲ್ಲ. ‘ಇದನ್ನು ಹೇಳಬಾರದಂತೆ’ ಎಂಬ ಸಾಲೂ ಒಂದು ಉತ್ತರವೇ.

ಕಟ್ಟಬಾರದ ವೇಷವನ್ನು ಶಾಲೆ ಕಟ್ಟಿಸಬಾರದು; ಆದರೆ ತಾಳಮದ್ದಳೆಗೆ ಅಂಥ ತಡೆಯಿಲ್ಲ. ವೇಷ ಬೇಡ, ರಂಗ ಬೇಡ, ಖರ್ಚೂ ಇಲ್ಲ. ಎಂಟನೆಯ ತರಗತಿಯಲ್ಲಿ ಒಂದು ಕಾವ್ಯಭಾಗದ ಪಾಠವಾದ ಮೇಲೆ ನಾಲ್ಕು ಬೆಂಚುಗಳನ್ನು ಎದುರುಬದುರು ಇಟ್ಟರೆ ಸಾಕು. ಹಾಡಬಲ್ಲ ಒಬ್ಬ ಹುಡುಗಿ ಪದ್ಯವನ್ನು ಹಾಡಲಿ, ಮೇಜೇ ಮದ್ದಳೆಯಾಗಲಿ. ಪದ್ಯದಲ್ಲಿರುವ ಇಬ್ಬರ ಅರ್ಥವನ್ನು ಇಬ್ಬರು ಮಕ್ಕಳು ಹೇಳಲಿ, ಬರೆದುಕೊಂಡು ಬಾರದೆ. ಮೊದಲ ದಿನ ಮಾತು ಎರಡು ವಾಕ್ಯಕ್ಕೆ ನಿಲ್ಲುತ್ತದೆ. ತಡವರಿಸಿ ತುಳುವಿಗೋ ಮಲಯಾಳಕ್ಕೋ ಜಾರುತ್ತದೆ. ಜಾರಿದಾಗ ತಡೆಯದೆ, ಆ ವಾಕ್ಯವನ್ನು ಕೂಟ ಮುಗಿದ ಮೇಲೆ ಎಲ್ಲರೂ ಸೇರಿ ಕನ್ನಡಕ್ಕೆ ತರುವುದು ಒಳ್ಳೆಯದು. ಮನೆಯಲ್ಲಿ ಅರ್ಥ ಹೇಳಬಲ್ಲ ಹಿರಿಯರಿದ್ದರೆ ಒಂದು ದಿನ ಅವರನ್ನು ಶಾಲೆಗೆ ಕರೆಸಬಹುದು. ಆದರೆ ಅವರು ಮಾತಿಗಿಳಿದರೆ ಗಂಟೆ ಬಾರಿಸಿದರೂ ನಿಲ್ಲಿಸರು, ಕೊನೆಯ ಅವಧಿಯನ್ನು ಕೊಡುವುದು ಲೇಸು.

ಮತ್ತು ಒಂದು ನಿಯಮವನ್ನು ಮೊದಲೇ ಹೇಳಿಬಿಡಬೇಕು. ಇಂದು ರಾಮನ ಅರ್ಥ ಹೇಳಿ ಗೆದ್ದ ಹುಡುಗ ಮುಂದಿನ ವಾರ ವಾಲಿಯ ಅರ್ಥ ಹೇಳಬೇಕು.